ಒಂದು ಸ್ಟೇಷನ್ ದಾಟಲು ಐದು ವಾರ: ಮನೋಚಿಕಿತ್ಸೆಗೆ ಹೊರಟ ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಡೊಂಬಿವಲಿಯಿಂದ ಠಾಕುರ್ಲಿಗೆ ಲೋಕಲ್ ರೈಲಿನಲ್ಲಿ ಕೆಲವೇ ನಿಮಿಷದ ದಾರಿ. ಆ ಒಂದು ಸ್ಟೇಷನ್ ದಾಟಲು ನನಗೆ ಐದು ವಾರ ಬೇಕಾಯಿತು. ಅಮ್ಮ ತೀರಿಕೊಂಡ ವರ್ಷ ಅದು. ಬೆಳಗಿನ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಒಂದು ದಿನ ಎದೆ ಡವಗುಟ್ಟಿ, ಕೈ ಜೋಮು ಹಿಡಿದು, ಇನ್ನು ಉಳಿಯುವುದಿಲ್ಲ ಎನಿಸಿತು. ಠಾಣೆಯಲ್ಲಿ ಇಳಿದು ಆಸ್ಪತ್ರೆಗೆ ಓಡಿದೆ. ಇಸಿಜಿ ಸರಿಯಾಗಿತ್ತು. "ನಿಮಗೇನೂ ಆಗಿಲ್ಲ, ಮನೆಗೆ ಹೋಗಿ ಮಲಗಿ" ಎಂದರು. ಮೂರು ತಿಂಗಳಲ್ಲಿ ನಾಲ್ಕು ಇಸಿಜಿ ಆದವು. ಮೊದಲು ರೈಲು ಬಿಟ್ಟೆ, ಆಮೇಲೆ ಬಸ್, ಆಮೇಲೆ ತರಕಾರಿ ಮಾರುಕಟ್ಟೆ. ಊರಿನಲ್ಲಿ ಚಿಕ್ಕಮ್ಮ ಪ್ರಶ್ನೆ ಇಡಿಸಿದರು, ಹರಕೆಯೂ ಸಂದಿತು. ಅವರ ಕಾಳಜಿಯನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ರೈಲು ಹತ್ತಲು ಆಗಲಿಲ್ಲ.

ನನ್ನನ್ನು ಮತ್ತೆ ರೈಲಿಗೆ ಹತ್ತಿಸಿದ್ದು ಹದಿನಾಲ್ಕು ವಾರಗಳ ಮನೋಚಿಕಿತ್ಸೆ. ಆ ವಿಷಯ ತಿಳಿದವರು ಸಂಘದ ಕಾರ್ಯಕ್ರಮಗಳಲ್ಲಿ, ಮದುವೆ ಮನೆಗಳಲ್ಲಿ ಮೆಲ್ಲನೆ ಪಕ್ಕಕ್ಕೆ ಕರೆದು ಕೇಳುತ್ತಾರೆ: ಅಲ್ಲಿ ಏನು ಮಾಡುತ್ತಾರೆ? ಬರೀ ಮಾತಿನಿಂದ ಕಾಯಿಲೆ ಹೋಗುತ್ತದೆಯೇ? ಯಾರ ಬಳಿ ಹೋಗಬೇಕು? ನಾನು ವೈದ್ಯೆಯಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅನುಭವದಿಂದಲೂ ಓದಿನಿಂದಲೂ ತಿಳಿದದ್ದನ್ನು, ಹೊಸದಾಗಿ ಹೋಗುವವರು ಹೆಜ್ಜೆ ಇಡಬೇಕಾದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೇಹದ ಪರೀಕ್ಷೆ

ಮನಸ್ಸಿನ ತೊಂದರೆ ಎಂದು ನೀವೇ ತೀರ್ಮಾನಿಸುವ ಮೊದಲು ಮನೆಯ ಹತ್ತಿರದ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಹೆಚ್ಚಾದರೆ ಎದೆ ಬಡಿತ ಏರುತ್ತದೆ. ಕಡಿಮೆಯಾದರೆ ಖಿನ್ನತೆಯಂತೆಯೇ ಜಡತೆ ಕವಿಯುತ್ತದೆ. ರಕ್ತಹೀನತೆ, ಬಿ12 ಜೀವಸತ್ವದ ಕೊರತೆಯಲ್ಲೂ ಸುಸ್ತು, ಬೇಸರ ಸಾಮಾನ್ಯ. ಇವೆಲ್ಲ ಸರಿಯಿದ್ದು, ದಿನದ ಬಹುಪಾಲು ಹೊತ್ತು ಮಂಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವಿಕೆ ಎರಡು ವಾರಕ್ಕೂ ಮೀರಿ ಮುಂದುವರಿದರೆ, ನಿದ್ದೆ, ಊಟ, ಕೆಲಸ ಕೆಟ್ಟರೆ, ಅಥವಾ ಭಯದಿಂದ ನೀವು ಹೋಗುವ ಜಾಗಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಸಹಾಯ ಕೇಳುವ ಸಮಯ ಬಂದಿದೆ ಎಂದು ತಿಳಿಯಿರಿ.

ಸಾಯುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಈಗಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ನಡೆಯುವ, ಹಣ ಕೇಳದ ಸರ್ಕಾರಿ ಸೇವೆ ಅದು. ಅಪಾಯ ಕಣ್ಣೆದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ, ಅಥವಾ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಯಾರಿಗೆ ಇದರಿಂದ ಪ್ರಯೋಜನ

ಖಿನ್ನತೆ, ಆತಂಕ, ನನಗಿದ್ದಂಥ ದಿಢೀರ್ ಭಯದ ಆಘಾತ, ಕೈ ತೊಳೆಯುವ ಅಥವಾ ಪದೇಪದೇ ಬೀಗ ನೋಡುವ ಗೀಳು, ಅಪಘಾತ ಅಥವಾ ದೌರ್ಜನ್ಯದ ನಂತರ ಬಿಡದೆ ಕಾಡುವ ನೆನಪು: ಇವುಗಳಿಗೆ ಮನೋಚಿಕಿತ್ಸೆ ಮುಖ್ಯ ಚಿಕಿತ್ಸೆಗಳಲ್ಲೊಂದು. ತಿಂಗಳುಗಳು ಉರುಳಿದರೂ ಹಿಡಿತ ಸಡಿಲಿಸದ ಸಾವಿನ ದುಃಖ, ದಾಂಪತ್ಯದ ಬಿರುಕು, ಕುಡಿತ ಬಿಡುವ ಪ್ರಯತ್ನ, ಹೆರಿಗೆಯ ನಂತರದ ಕುಗ್ಗುವಿಕೆ ಇವುಗಳಿಗೂ ನೆರವಾಗುತ್ತದೆ. ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಔಷಧಿಯೇ ತಳಹದಿ. ಅದರ ಜೊತೆಗೆ ಮಾತಿನ ಚಿಕಿತ್ಸೆಯೂ ಕುಟುಂಬದವರ ತಿಳಿವಳಿಕೆಯೂ ಸೇರಿದರೆ ಕಾಯಿಲೆ ಮರುಕಳಿಸುವುದನ್ನು ಕಡಿಮೆ ಮಾಡಬಹುದು. "ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನಲ್ಲ" ಎಂದು ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗಂಡ ಹೊಡೆಯುತ್ತಿರುವಾಗ ಹೆಂಡತಿಗೆ ಉಸಿರಾಟದ ಅಭ್ಯಾಸ ಕಲಿಸುವುದು ಚಿಕಿತ್ಸೆಯಲ್ಲ. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಮಹಿಳಾ ಸಹಾಯವಾಣಿ 181, ಕಾನೂನಿನ ಬೆಂಬಲ. ಆರು ತಿಂಗಳ ಸಂಬಳ ಬಾಕಿ ಇರುವ ಹೋಟೆಲ್ ಕಾರ್ಮಿಕನ ನಿದ್ದೆಗೆಟ್ಟ ರಾತ್ರಿಗಳಿಗೆ ಸಂಬಳವೇ ಮೊದಲ ಔಷಧಿ. ಒಳ್ಳೆಯ ಚಿಕಿತ್ಸಕರು ಇದನ್ನು ತಾವೇ ಹೇಳುತ್ತಾರೆ.

ಮನೆಯವರು ಎಳೆದುಕೊಂಡು ಬಂದವರಿಗೆ ಫಲ ಸಿಗುವುದು ಕಷ್ಟ. ಮಗ ಒಪ್ಪುತ್ತಿಲ್ಲವೆಂದರೆ ತಾಯಿ ತಂದೆಯೇ ಒಂದೆರಡು ಬಾರಿ ಹೋಗಿ, ಅವನೊಡನೆ ಹೇಗೆ ಮಾತನಾಡಬೇಕು ಎಂದು ಕೇಳಿಕೊಂಡು ಬರಬಹುದು.

ಬೋರ್ಡಿನ ಮೇಲೆ ಏನು ಬರೆದಿದೆ

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದವರು. ಔಷಧಿ ಬರೆಯುವ ಅಧಿಕಾರ ಅವರದು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಸ್ಸಿನ ಪರೀಕ್ಷೆಗಳನ್ನೂ ಮನೋಚಿಕಿತ್ಸೆಯನ್ನೂ ನಡೆಸುತ್ತಾರೆ, ಮಾತ್ರೆ ಕೊಡುವುದಿಲ್ಲ. ಇವರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಅವರಿಗೆ ಅವಮಾನವಾಗುವುದಿಲ್ಲ, ಕೇಳಿ. ಆಪ್ತಸಮಾಲೋಚಕರು ಸಾಮಾನ್ಯವಾಗಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ವಾರಾಂತ್ಯದ ಕೋರ್ಸ್ ಮುಗಿಸಿ ಅದೇ ಹೆಸರಿನ ಬೋರ್ಡು ಹಾಕಿದವರೂ ಇದ್ದಾರೆ. ಎಲ್ಲಿ ಓದಿದಿರಿ, ನಿಮ್ಮ ಕೆಲಸವನ್ನು ಹಿರಿಯರೊಬ್ಬರು ನೋಡುತ್ತಾರೆಯೇ, ನನ್ನಂಥ ತೊಂದರೆ ಇರುವವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ: ಈ ಮೂರು ಪ್ರಶ್ನೆ ಫೋನಿನಲ್ಲೇ ಮುಗಿಯಲಿ.

ಎಲ್ಲಿಗೆ ಹೋಗಬೇಕು

ಹಣದ ಚಿಂತೆ ಇರುವವರಿಗೆ ಪರೇಲಿನ ಕೆಇಎಂ, ಸಯನ್, ನಾಯರ್ ಈ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲೂ ಭಾಯಖಳಾದ ಜೆಜೆ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್‌ಪೇಪರ್ ಮಾಡಿಸಿ. ಸರದಿ ಉದ್ದ, ಮೊದಲ ದಿನ ವೈದ್ಯರ ಜೊತೆ ಸಿಗುವ ಸಮಯ ಕಡಿಮೆ. ಅದನ್ನು ನೋಡಿ ನಿರಾಶರಾಗಬೇಡಿ. "ನನಗೆ ಮಾತಿನ ಚಿಕಿತ್ಸೆಯೂ ಬೇಕು, ಸೈಕಾಲಜಿಸ್ಟ್ ಅವರ ಸಮಯ ಕೊಡಿಸಿ" ಎಂದು ಬಾಯಿಬಿಟ್ಟು ಕೇಳಿ. ಕೇಳದವರು ಮಾತ್ರೆಯ ಚೀಟಿ ಹಿಡಿದು ವಾಪಸ್ಸಾಗುವುದೇ ಹೆಚ್ಚು. ನಮ್ಮ ಡೊಂಬಿವಲಿ ಕಡೆಯವರಿಗೆ ಠಾಣೆ ಹತ್ತಿರ. ಅಲ್ಲಿ 1901ರಿಂದ ಇರುವ ಸರ್ಕಾರಿ ಪ್ರಾದೇಶಿಕ ಮನೋರುಗ್ಣಾಲಯವಿದೆ. 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಕಟ್ಟಿದ ಐಪಿಎಚ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ಠಾಣೆಯದೇ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್ ಸೇವೆ ಫೋನ್ ಮತ್ತು ಇಮೇಲ್ ಮೂಲಕ ಆಪ್ತಸಮಾಲೋಚನೆ ನೀಡುತ್ತದೆ. ಪುಣೆಯವರಿಗೆ ಸಸೂನ್ ಆಸ್ಪತ್ರೆ, ಗೋವಾದವರಿಗೆ ಬಾಂಬೋಳಿಯ ಮನೋವೈದ್ಯ ಸಂಸ್ಥೆ ಇದೆ.

ಖಾಸಗಿಯಾಗಿ ಮುಂಬೈಯಲ್ಲಿ ಒಂದು ಭೇಟಿಗೆ ಸಾವಿರದಿಂದ ಮೂರು ಸಾವಿರ ರೂಪಾಯಿ ಕೇಳುವುದು ಸಾಮಾನ್ಯ. ಆದಾಯ ನೋಡಿ ದರ ಇಳಿಸುವವರು ಇದ್ದಾರೆ, ಆದರೆ ಕೇಳಿದರೆ ಮಾತ್ರ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡುವಂತಿಲ್ಲ. ಹಾಗೆಂದು ಪ್ರತಿ ವಾರದ ಭೇಟಿಯ ಹಣ ಬಂದೇ ಬರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿ ಖರ್ಚಿನ ಷರತ್ತನ್ನು ಓದಿ ನೋಡಿ.

ಯಾವ ಭಾಷೆಯಲ್ಲಿ ಅಳುತ್ತೀರಿ

ನಮ್ಮ ಜನ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಮುಂಬೈಯಲ್ಲಿ ಬದುಕಿದವರಿಗೆ ಹಿಂದಿ, ಮರಾಠಿ ಎರಡೂ ನೀರು ಕುಡಿದಷ್ಟು ಸುಲಭ, ಆದ್ದರಿಂದ ಚಿಕಿತ್ಸೆಗೂ ಅದೇ ಸಾಕು ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಚಿಕಿತ್ಸಕಿ ಮರಾಠಿಯವರು, ನಮ್ಮ ಮಾತೆಲ್ಲ ಹಿಂದಿಯಲ್ಲಿ. ರೈಲಿನ ವಿಷಯ, ಎದೆಬಡಿತದ ವಿಷಯ ಸಲೀಸಾಗಿ ಹೇಳಿದೆ. ಅಮ್ಮನ ಸಾವಿನ ವಿಷಯ ಬಂದಾಗ ಮಾತ್ರ ಬ್ಯಾಂಕಿನ ವರದಿ ಓದಿದ ಹಾಗೆ ಹೇಳಿ ಮುಗಿಸುತ್ತಿದ್ದೆ. ಏಳನೆಯ ವಾರ ಅವರು, "ನಿಮ್ಮ ಭಾಷೆಯಲ್ಲೇ ಹೇಳಿ, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ" ಎಂದರು. "ಅಮ್ಮಾ, ನಾನು ಬರುವ ತನಕ ನೀನು ಕಾಯಲಿಲ್ಲ" ಎಂದೆ. ಅಷ್ಟೇ. ಮತ್ಸ್ಯಗಂಧ ರೈಲಿನಲ್ಲಿ ಇಡೀ ರಾತ್ರಿ ಕುಳಿತು ಊರಿಗೆ ಹೋಗಿ, ದಹನವಾದ ಮೇಲೆ ಅಂಗಳಕ್ಕೆ ಕಾಲಿಟ್ಟವಳು ನಾನು. ಒಂದೂವರೆ ವರ್ಷದಿಂದ ಬಾರದ ಅಳು ಅವತ್ತು ಬಂತು. ಆಮೇಲೆ ಆ ಮಾತಿನ ಅರ್ಥವನ್ನು ಹಿಂದಿಯಲ್ಲಿ ಹೇಳಿದೆ. ರೈಲಿಗೂ ಆ ರಾತ್ರಿಗೂ ಇದ್ದ ನಂಟು ಆಗ ನಮ್ಮಿಬ್ಬರಿಗೂ ಕಂಡಿತು.

ಕರಾವಳಿಯವರು "ಮಂಡೆಬಿಸಿ" ಎನ್ನುವುದು, ಉತ್ತರ ಕರ್ನಾಟಕದವರು "ಜೀವಕ್ಕೆ ಸಮಾಧಾನ ಇಲ್ಲ" ಎನ್ನುವುದು, "ಹೊಟ್ಟೆಯೊಳಗೆ ಬೆಂಕಿ ಬಿದ್ದಂತೆ" ಎನ್ನುವುದು ಬೇರೆ ಭಾಷೆಗೆ ಹೋದರೆ ಬರೀ "ಟೆನ್ಷನ್" ಆಗಿಬಿಡುತ್ತದೆ. ಆದ್ದರಿಂದ ಸಾಧ್ಯವಾದರೆ ಕನ್ನಡ ಅಥವಾ ತುಳು ಬಲ್ಲವರನ್ನು ಹುಡುಕಿ. ಟೆಲಿ ಮಾನಸ್‌ನಲ್ಲಿ ಕನ್ನಡ ಆಯ್ದುಕೊಳ್ಳಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಆ ಯೋಜನೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ವಿಡಿಯೊ ಕರೆಯಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಚಿಕಿತ್ಸಕರನ್ನೂ ಕಾಣಬಹುದು.

ದೂರದವರನ್ನು ಆರಿಸಲು ಇನ್ನೊಂದು ಕಾರಣವೂ ಇದೆ. ಮುಂಬೈ ಕನ್ನಡಿಗರ ಲೋಕ ಚಿಕ್ಕದು. ಇಂದು ನಿಮ್ಮ ಗುಟ್ಟು ಕೇಳಿದವರು ನಾಳೆ ಕುರ್ಲಾದ ಬಂಟರ ಭವನದ ಮದುವೆಯಲ್ಲೋ ಮಾಟುಂಗಾದ ನಾಟಕದಲ್ಲೋ ಎದುರಿಗೆ ಸಿಗಬಹುದು. ಇಲ್ಲಿಯ ಕನ್ನಡ ಚಿಕಿತ್ಸಕರನ್ನೇ ಆರಿಸಿಕೊಂಡರೆ, "ಸಮಾರಂಭದಲ್ಲಿ ಭೇಟಿಯಾದರೆ ಏನು ಮಾಡುತ್ತೀರಿ?" ಎಂದು ಮೊದಲೇ ಕೇಳಿ. "ನೀವು ಮಾತನಾಡಿಸಿದರೆ ಮಾತ್ರ ನಾನು ಮಾತನಾಡಿಸುತ್ತೇನೆ" ಎಂಬ ಉತ್ತರ ಬಂದರೆ ಅವರಿಗೆ ವೃತ್ತಿಯ ರೀತಿ ಗೊತ್ತಿದೆ.

ವಿಡಿಯೊ ಕರೆಗೆ ಒಂದು ಕೋಣೆಯ ಮನೆಯಲ್ಲಿ ಏಕಾಂತ ಎಲ್ಲಿಂದ ಬರಬೇಕು? ಕಟ್ಟಡದ ತಾರಸಿ, ನಿಲ್ಲಿಸಿದ ಕಾರು, ಕಚೇರಿಯ ಖಾಲಿ ಕೋಣೆ, ನೆರೆಯ ಗೆಳತಿ ಕೆಲಸಕ್ಕೆ ಹೋದ ಹೊತ್ತಿನ ಅವಳ ಮನೆ. ಹೋಟೆಲಿನಲ್ಲಿ ಕೆಲಸ ಮಾಡುವವರು ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲಿನ ಸಮಯ ಕೇಳಬಹುದು.

ಮೊದಲ ಭೇಟಿ

ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿಗಾದರೂ ಹಿಂದೆ ಇತ್ತೇ, ನಿದ್ದೆ, ಕುಡಿತ, ಔಷಧಿ, ಸಾಯುವ ಯೋಚನೆ ಎಲ್ಲವನ್ನೂ ಕೇಳುತ್ತಾರೆ. ಸಾಯುವ ಮಾತು ಎತ್ತಿದರು ಎಂದು ಬೆಚ್ಚಬೇಡಿ, ಕೇಳಲೇಬೇಕಾದ ಪ್ರಶ್ನೆ ಅದು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆ ತುಂಬಿಸಬಹುದು. ಸೊನ್ನೆಯಿಂದ 27ರವರೆಗಿನ ಆ ಅಂಕ ಮುಂದೆ ನಿಮ್ಮ ಚೇತರಿಕೆಯ ಅಳತೆಗೋಲಾಗುತ್ತದೆ.

ಗೌಪ್ಯತೆಯ ಮಾತು ಅವತ್ತೇ ಆಗಲಿ. ಹೇಳಿದ್ದು ಹೊರಹೋಗಬಾರದು ಎಂಬುದು ನಿಮಗೆ ಕಾಯ್ದೆ ಕೊಟ್ಟ ಹಕ್ಕು. ಅದಕ್ಕೂ ಮಿತಿಗಳಿವೆ: ನಿಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ, ನ್ಯಾಯಾಲಯ ಕೇಳಿದರೆ ಅವರು ಹೇಳಬೇಕಾಗಬಹುದು. ಗಂಡನೋ ಅತ್ತೆಯೋ ಫೋನ್ ಮಾಡಿ "ಏನು ಹೇಳಿದಳು" ಎಂದು ಕೇಳಿದರೆ ಹೇಳುವಂತಿಲ್ಲ, ಹಣ ಕೊಡುವವರು ಅವರೇ ಆದರೂ.

ಹೊರಬರುವ ಮೊದಲು ಒಂದು ಗುರಿ ಗೊತ್ತುಮಾಡಿಕೊಳ್ಳಿ. "ಖುಷಿಯಾಗಿರಬೇಕು" ಎಂದರೆ ಅಳೆಯಲು ಬರುವುದಿಲ್ಲ. ನನ್ನದು ಹೀಗಿತ್ತು: "ಒಬ್ಬಳೇ ಲೋಕಲ್ ಹಿಡಿದು ದಾದರ್‌ಗೆ ಹೋಗಬೇಕು."

ನಡುವೆ ನಡೆಯುವ ಕೆಲಸ

ಚಿಕಿತ್ಸಕರು ಬುದ್ಧಿ ಹೇಳುವುದಿಲ್ಲ. ಬುದ್ಧಿ ಹೇಳುವವರು ನಮಗೆ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನಡೆಯುವುದು ಅಭ್ಯಾಸ, ಸಂಗೀತ ಕಲಿಯುವ ಹಾಗೆ. ಗುರುವಿನ ಮುಂದೆ ವಾರಕ್ಕೊಂದು ಗಂಟೆ, ಉಳಿದದ್ದೆಲ್ಲ ಮನೆಯಲ್ಲಿ.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನರಾದವರ ಮನಸ್ಸಿನಲ್ಲಿ ತಾವಾಗಿಯೇ ಹಾದುಹೋಗುವ ಯೋಚನೆಗಳನ್ನು ಗಮನಿಸಿದರು: "ನಾನು ಯಾವುದಕ್ಕೂ ಬಾರದವನು", "ಇನ್ನು ಏನೂ ಸರಿಹೋಗದು". ಆ ಯೋಚನೆಗಳನ್ನು ಹಿಡಿದು, ಸಾಕ್ಷ್ಯ ಕೇಳಿ, ಬದುಕಿನಲ್ಲಿ ಪರೀಕ್ಷಿಸಿ ನೋಡುವ ವಿಧಾನವನ್ನು ಅವರು ಬೆಳೆಸಿದರು. ಅದೇ ಇಂದಿನ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ), ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ.

ನನ್ನ ಮಟ್ಟಿಗೆ ಅದು ಹೀಗೆ ನಡೆಯಿತು. ಬಿಳಿ ಹಾಳೆಯ ಮೇಲೆ ಒಂದು ವೃತ್ತ ಬರೆದೆವು: ಎದೆ ಡವಗುಟ್ಟುತ್ತದೆ, "ಇದು ಹೃದಯಾಘಾತ" ಎನ್ನುತ್ತೇನೆ, ಭಯ ಏರುತ್ತದೆ, ಭಯಕ್ಕೆ ಎದೆ ಇನ್ನೂ ಡವಗುಟ್ಟುತ್ತದೆ. ಇಳಿದು ಓಡಿದಾಗ ಹಾಯೆನಿಸುತ್ತದೆ, ಹಾಗಾಗಿ "ಓಡಿದ್ದಕ್ಕೇ ಬದುಕಿದೆ" ಎಂದು ಮನಸ್ಸು ಕಲಿಯುತ್ತದೆ. ಓಡದಿದ್ದರೂ ಬದುಕುತ್ತಿದ್ದೆ ಎಂದು ತಿಳಿಯಲು ಅದಕ್ಕೆ ಅವಕಾಶವೇ ಸಿಕ್ಕಿರಲಿಲ್ಲ. ಮೂರನೆಯ ವಾರ ಅವರು ನನ್ನನ್ನು ನಿಂತಲ್ಲೇ ಒಂದು ನಿಮಿಷ ಓಡಿಸಿದರು, ತಿರುಗುವ ಕುರ್ಚಿಯಲ್ಲಿ ಗಿರ್ರನೆ ತಿರುಗಿಸಿದರು, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿದರು. ಅದೇ ಎದೆಬಡಿತ, ಅದೇ ತಲೆಸುತ್ತು ಬಂತು. ಕುಳಿತಲ್ಲೇ ಕುಳಿತೆ, ಏನೂ ಆಗಲಿಲ್ಲ. ಅದನ್ನು ಮನೆಯಲ್ಲಿ ದಿನಕ್ಕೆ ಎರಡು ಸಲ ಮಾಡಿದೆ. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.)

ಆಮೇಲೆ ಏಣಿ. ಮೊದಲ ಮೆಟ್ಟಿಲು ಮಧ್ಯಾಹ್ನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವುದು. ಎರಡನೆಯದು ನಿಂತ ರೈಲಿಗೆ ಹತ್ತಿ ಇಳಿಯುವುದು. ಮೂರನೆಯದು ಗಂಡನ ಜೊತೆ ಠಾಕುರ್ಲಿ, ನಾಲ್ಕನೆಯದು ಒಬ್ಬಳೇ ಠಾಕುರ್ಲಿ. ಆಮೇಲೆ ದಿಕ್ಕು ಬದಲಿಸಿ ಕೋಪರ್, ದಿವಾ, ಠಾಣೆ, ಕೊನೆಗೆ ಬೆಳಗಿನ ನೂಕುನುಗ್ಗಲಿನಲ್ಲಿ ದಾದರ್. ಪ್ರತಿ ಮೆಟ್ಟಿಲಿನಲ್ಲೂ ಭಯ ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕು. ನೆತ್ತಿಗೇರಿದ ಭಯ ತಾನಾಗಿ ಇಳಿಯುವವರೆಗೆ ಕದಲಬಾರದು. ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಮಾತ್ರೆಯ ಪಟ್ಟಿ, ನೀರಿನ ಬಾಟಲಿಗಳನ್ನೂ ಒಂದೊಂದಾಗಿ ಮನೆಯಲ್ಲಿ ಬಿಡಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ನೀರಿನ ಬಾಟಲಿ.

ಗೀಳಿಗೂ ಇದೇ ಬಗೆಯ ಏಣಿ ಇದೆ: ಕೊಳೆಯೆನಿಸಿದ್ದನ್ನು ಮುಟ್ಟಬೇಕು, ಕೈ ತೊಳೆಯದೆ ಕಾಯಬೇಕು. ಖಿನ್ನತೆಯಲ್ಲಿ ಕೆಲಸ ಇನ್ನೊಂದು ಬಗೆಯದು. ಮನಸ್ಸು ಬಂದ ಮೇಲೆ ಏಳುತ್ತೇನೆ ಎಂದು ಕಾಯದೆ, ಎದ್ದು ಮಾಡಿದ ಮೇಲೆ ಮನಸ್ಸು ಬರುತ್ತದೆ ಎಂಬ ಭರವಸೆಯಲ್ಲಿ ಸಣ್ಣಸಣ್ಣ ಕೆಲಸಗಳನ್ನು ವಾರದ ಪಟ್ಟಿಗೆ ಹಾಕುತ್ತಾರೆ: ಹತ್ತು ನಿಮಿಷದ ನಡಿಗೆ, ತಂಗಿಗೊಂದು ಫೋನ್, ಬಿಟ್ಟುಹೋದ ಭಜನೆಗೆ ಒಂದು ಸಂಜೆ. ಇದು ತೀರಾ ಸರಳ ಅನಿಸಿದರೆ ನೆರೆಯ ಗೋವಾದ ಕಡೆ ನೋಡಿ. ಅಲ್ಲಿ ಸಂಗಾತ್ ಸಂಸ್ಥೆಯವರು ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಇಂಥದೇ ಚಿಕಿತ್ಸೆ ಕೊಡಿಸಿದರು. ತೀವ್ರ ಖಿನ್ನತೆ ಇದ್ದ 495 ಮಂದಿಯ ಆ ಅಧ್ಯಯನದಲ್ಲಿ ಮೂರು ತಿಂಗಳ ನಂತರ ಈ ಚಿಕಿತ್ಸೆ ಪಡೆದವರಲ್ಲಿ 64 ಶೇಕಡಾ, ಪಡೆಯದವರಲ್ಲಿ 39 ಶೇಕಡಾ ಜನ ಚೇತರಿಸಿಕೊಂಡಿದ್ದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಮಹಾನಗರದ ದುಬಾರಿ ಕ್ಲಿನಿಕ್ಕುಗಳಿಗೆ ಹೋಗಲಾಗದ ನಮ್ಮವರ ನೆನಪು ಬಂದಾಗಲೆಲ್ಲ ಈ ಅಂಕಿ ನನಗೆ ಧೈರ್ಯ ಕೊಡುತ್ತದೆ.

ಸಿಬಿಟಿಯೊಂದೇ ದಾರಿಯಲ್ಲ. ಬಾಲ್ಯದ ಗಾಯಗಳನ್ನೂ ಸಂಬಂಧಗಳ ಮರುಕಳಿಸುವ ಮಾದರಿಗಳನ್ನೂ ನಿಧಾನವಾಗಿ ಬಿಡಿಸಿ ನೋಡುವ ಚಿಕಿತ್ಸೆಗಳು ವರ್ಷಗಟ್ಟಲೆ ನಡೆಯಬಹುದು.

ಫಲ ಕಾಣದಿದ್ದರೆ

ನಡುವೆ ಒಂದೆರಡು ವಾರ ಹೆಚ್ಚು ನೋವಾಗುವುದು ಸಹಜ. ಆದರೆ ಆರು ಭೇಟಿಗಳಾದರೂ ಎಳ್ಳಷ್ಟೂ ಬದಲಾವಣೆ ಇಲ್ಲದಿದ್ದರೆ ನೇರವಾಗಿ ಹೇಳಿ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು ಚಿಕಿತ್ಸಕ ಸಂಬಂಧಕ್ಕೆ ಮೂರು ಕಂಬಗಳನ್ನು ಹೇಳಿದರು: ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ನಂಬಿಕೆ. ಇವುಗಳಲ್ಲಿ ಯಾವುದು ಅಲುಗುತ್ತಿದೆ ಎಂದು ಇಬ್ಬರೂ ಕುಳಿತು ನೋಡಬಹುದು. ವಿಧಾನ ಬದಲಿಸಬೇಕಾಗಬಹುದು, ಮನೋವೈದ್ಯರಿಂದ ಔಷಧಿಯೂ ಬೇಕಾಗಬಹುದು, ಚಿಕಿತ್ಸಕರನ್ನೇ ಬದಲಿಸಬೇಕಾಗಬಹುದು. ಬದಲಿಸಿದರೆ ಕೃತಘ್ನತೆಯಲ್ಲ.

ಮೈಮುಟ್ಟುವ ಸಲಿಗೆ, ಹಣಕಾಸಿನ ವ್ಯವಹಾರ, ನಿಮ್ಮ ಜಾತಿ ಅಥವಾ ಪ್ರೀತಿಯ ಬಗ್ಗೆ ತೀರ್ಪು, "ಇಷ್ಟು ವಾರದಲ್ಲಿ ಗ್ಯಾರಂಟಿ ಗುಣ" ಎಂಬ ಭರವಸೆ: ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ.

ಮುಗಿಸುವುದು

ಗುರಿ ಮುಟ್ಟಿದ ಮೇಲೆ ಭೇಟಿಗಳ ನಡುವಿನ ಅಂತರ ಹೆಚ್ಚುತ್ತದೆ: ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ. ಕೊನೆಯ ಭೇಟಿಯಲ್ಲಿ ಒಂದು ಹಾಳೆ ಬರೆಯಿಸಿಕೊಳ್ಳಿ. ನನ್ನದು ಈಗಲೂ ಬ್ಯಾಂಕಿನ ಗುರುತುಚೀಟಿಯ ಹಿಂದೆ ಇದೆ. ಮೊದಲ ಸಾಲಿನಲ್ಲಿ ತೊಂದರೆ ಮರಳುತ್ತಿದೆ ಎನ್ನುವ ಸೂಚನೆಗಳು: ನಿದ್ದೆಗೇಡು, ರೈಲಿನ ಬದಲು ಟ್ಯಾಕ್ಸಿ ಹಿಡಿಯಲು ನೆಪ ಹುಡುಕುವುದು. ಎರಡನೆಯದರಲ್ಲಿ ಆಗ ಮಾಡಬೇಕಾದ ಅಭ್ಯಾಸ. ಮೂರನೆಯದರಲ್ಲಿ ಗಂಡನಿಗೆ ಹೇಳಬೇಕಾದ ಒಂದು ವಾಕ್ಯ. ನಾಲ್ಕನೆಯದರಲ್ಲಿ ಚಿಕಿತ್ಸಕಿಯ ಫೋನ್ ನಂಬರ್. ಕಳೆದ ಮಳೆಗಾಲದಲ್ಲಿ ಅಮ್ಮನ ವರ್ಷಾಂತಿಕದ ವಾರ ಆ ನಂಬರಿಗೆ ಒಮ್ಮೆ ಕರೆ ಮಾಡಿದೆ. ಎರಡು ಭೇಟಿ ಸಾಕಾಯಿತು.